ಕಾಚಾರಣ್ಯ ಮೀಮಾಂಸೆ

ಸೃಷ್ಟಿಗೆ ತೊಡಗುವ ಮುನ್ನ ಬ್ರಹ್ಮದೇವನು ಸಿಲಿಕೋನ್ ಅಂಟು ಒಣಗುವವರೆಗೆ ಕಾದನೇ ಎಂಬ ವಿಷಯದಲ್ಲಿ ಪುರಾಣಗಳು ಮೌನ ವಹಿಸಿವೆಯಾದರೂ, ಗಾಜಿನ ಪೆಟ್ಟಿಗೆಯೊಳಗೆ ಅರಣ್ಯವನ್ನೂ ಆ ಅರಣ್ಯದೊಳಗೆ ಜಲಪಾತವನ್ನೂ ರಚಿಸಲೆಳಸುವ ಮರ್ತ್ಯನು ಮಾತ್ರ, ಅಂಟಿನ ಹುಳಿವಾಸನೆ ಸಂಪೂರ್ಣವಾಗಿ ಅಡಗುವ ತನಕ ಒಂದು ಬೇರನ್ನೂ ಒಳಗಿಡಕೂಡದೆಂಬುದು ಈ ಶಾಸ್ತ್ರದ ಪ್ರಥಮ ಸೂತ್ರ.

ಶಾಸ್ತ್ರಪ್ರವರ್ತಕನು ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಷಾ ವಾರ್ಡ್. 1829ರಲ್ಲಿ ಆತನು ಸೀಸೆಯೊಂದರಲ್ಲಿ ಒದ್ದೆಮಣ್ಣು ಹಾಕಿ, ಪತಂಗದ ಕೋಶವನ್ನಿಟ್ಟು, ಮುಚ್ಚಿ, ಪತಂಗಾವತರಣವನ್ನು ನಿರೀಕ್ಷಿಸುತ್ತಿರಲು, ಅಂಗಳದಲ್ಲಿ ಎಷ್ಟು ಉಪಚರಿಸಿದರೂ ನಗರದ ಹೊಗೆಗೆ ಬಲಿಯಾಗುತ್ತಿದ್ದ ಜರೀಗಿಡವು ಒಂದು ಹುಲ್ಲಿನೊಡನೆ ಆ ಸೀಸೆಯೊಳಗೆ ಕರೆಯದೆ ಬಂದ ಅತಿಥಿಯಂತೆ ತಲೆಯೆತ್ತಿತು. ಮುಂದೆ ಚೀನದ ಚಹಾಗಿಡಗಳು ಹಿಮಾಲಯದ ತಪ್ಪಲಿಗೂ ದಕ್ಷಿಣ ಅಮೆರಿಕದ ಸಿಂಕೋನಾ ಸಸಿಗಳು ನೀಲಗಿರಿಗೂ ಸಾಗಿಬಂದದ್ದು ವಾರ್ಡನ ಹೆಸರಿನ ಪೆಟ್ಟಿಗೆಗಳಲ್ಲಿಯೇ. ಸಾಮ್ರಾಜ್ಯವೊಂದು ಸಮುದ್ರ ದಾಟಿಸಿದ ಆ ಯಂತ್ರವನ್ನು ನಾವೀಗ ಟೀವಿಯ ಪಕ್ಕದಲ್ಲಿಟ್ಟಿದ್ದೇವೆ, ಕಾಲಮಹಿಮೆ!

ಇನ್ನು ಜಲಪಾತಪ್ರಕರಣ. ತಳದಲ್ಲಿ ಜಲ್ಲಿಕಲ್ಲು, ಅದರ ಮೇಲೆ ಬಲೆ, ಇದ್ದಿಲು, ತೆಂಗಿನ ನಾರಿನ ಪುಡಿ, ಪಾಚಿ ಎಂಬ ಪದರಗಳ ಬಗ್ಗೆ ಆಚಾರ್ಯರಲ್ಲಿ ಭಿನ್ನಾಭಿಪ್ರಾಯ ಅತ್ಯಲ್ಪ. ವಿವಾದವು ನೀರಿನದು. ಪೂರ್ವಪಕ್ಷದವರು ಪಂಪಿನಿಂದ ಮೇಲೇರಿದ ನೀರು ಬಂಡೆಯ ಮೇಲೆ ಹರಿದು ಪುನಃ ಕೊಳವನ್ನೇ ಸೇರುವುದೆಂದು ವಾದಿಸುವರು. ಕೇಶಾಕರ್ಷಣೆಯೆಂಬ ಭೌತಶಾಸ್ತ್ರದ ನಿಯಮವು ಈ ವಾದವನ್ನು ಖಂಡಿಸುತ್ತದೆ: ಕೊಳದ ದಡಕ್ಕೆ ತಾಗಿದ ಒಂದೆಳೆ ಪಾಚಿಯೂ ದೀಪದ ಬತ್ತಿಯ ಕಾರ್ಯವನ್ನು ಮಾಡಿ, ಇಡೀ ಜಲಾಶಯವನ್ನು ರಾತ್ರಿಯೊಳಗೆ ಮಣ್ಣಿಗೆ ಕುಡಿಸಿ, ಬೆಳಗಾಗುವಷ್ಟರಲ್ಲಿ ಪಂಪನ್ನು ಗಾಳಿಯಲ್ಲಿ ಗೊರಗುಟ್ಟಿಸಿ, ಅರಣ್ಯವನ್ನು ಕೆಸರುಗದ್ದೆಯನ್ನಾಗಿಸುವುದು. ಮಣ್ಣಿಗೂ ನೀರಿಗೂ ನಡುವೆ ಗಾಜಿನ ಗೋಡೆ ಬೇಕು. ಕೊಳವೆಬಾವಿಯ ನೀರನ್ನು ಸುರಿದವನ ಬಂಡೆಗಳು ಸುಣ್ಣದ ವಿಭೂತಿಯನ್ನು ಧರಿಸಿ ಶೈವವಾಗುವುದೂ ಅನುಭವಸಿದ್ಧ.

ಬೂಷ್ಟಿನ ವಿಷಯದಲ್ಲಿ ನಮ್ಮದು ಉದಾರಮತ. ಅದನ್ನು ತಿನ್ನುವ, ಕಣ್ಣಿಗೆ ಹತ್ತಿಯೂ ಹತ್ತದಷ್ಟು ಸಣ್ಣ ನೆಗೆಜೀವಿಗಳನ್ನು (ಸ್ಪ್ರಿಂಗ್‌ಟೇಲ್) ಒಳಗೆ ಬಿಟ್ಟರಾಯಿತು. ಪ್ರಪಂಚವನ್ನು ಯಥಾರ್ಥವಾಗಿ ಆಳುವವರು ಅವರೇ, ಒಡೆಯನೆಂದುಕೊಂಡು ಗಾಜಿನಾಚೆ ಕನ್ನಡಕ ಒರೆಸುತ್ತ ನಿಂತವನಲ್ಲ.

ವಾರ್ಡನ ಮೂಲಸೀಸೆಯಲ್ಲಿ ಜಲಪಾತವಿರಲಿಲ್ಲ. ಅದರೊಳಗಿನ ಗಿಡಗಳು ಹೊರಗಿನಿಂದ ಒಂದು ಹನಿ ನೀರನ್ನೂ ಬೇಡದೆ ಸುಮಾರು ನಾಲ್ಕು ವರ್ಷ ಬಾಳಿದವು. ಯಜಮಾನನು ಊರಲ್ಲಿಲ್ಲದಾಗ ಮುಚ್ಚಳ ತುಕ್ಕುಹಿಡಿದು, ಮಳೆನೀರು ಒಳನುಗ್ಗಿ ಸತ್ತವು.