ಮನೆ ಮನೆಗೂ ‘ಸರ್ವರ್ ಡೌನ್’

‘ಸರ್ವರ್ ಡೌನ್, ನಾಳೆ ಬನ್ನಿ’ ಅನ್ನಿಸಿಕೊಳ್ಳಬೇಕಾದರೆ ಮೊದಲೆಲ್ಲ ಆಧಾರ್ ಜೆರಾಕ್ಸ್ ಹಿಡಿದು ಯಾವುದಾದರೂ ಕಿಟಕಿಯ ಮುಂದೆ ಕ್ಯೂ ನಿಲ್ಲಬೇಕಿತ್ತು. ಪಹಣಿಗೋ ಪಡಿತರಕ್ಕೋ ಹೋದವರಿಗಷ್ಟೇ ಮೀಸಲಾಗಿದ್ದ ಈ ಸೌಲಭ್ಯ ಈಗ ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟುಗಳಿಗೂ ಬಂದಿದೆ. ತಂದುಕೊಟ್ಟವರು ಯಾವ ಅಧಿಕಾರಿಯೂ ಅಲ್ಲ. ಹಗಲೆಲ್ಲ ಸಂಬಳಕ್ಕೆ ಕಂಪನಿಯ ಸರ್ವರ್ ಕಾಯ್ದು, ರಾತ್ರಿಯೆಲ್ಲ ಪುಕ್ಕಟೆಯಾಗಿ ಮನೆಯ ಸರ್ವರ್ ಕಾಯುವ ನಮ್ಮ ಟೆಕ್ಕಿ ಮಹಾಶಯರು.

ಈ ವ್ರತಕ್ಕೆ ಹೋಮ್‌ಲ್ಯಾಬ್ ಎಂದು ಹೆಸರು. ಹುಟ್ಟುವುದು ಸಾತ್ವಿಕ ಸಿಟ್ಟಿನಲ್ಲಿ. 2021ರ ಜೂನ್‌ವರೆಗೆ ಗೂಗಲ್ ಫೋಟೊಸ್ ‘ಎಷ್ಟಾದರೂ ತುಂಬಿಕೊಳ್ಳಿ’ ಎನ್ನುತ್ತಿತ್ತು. ಆಮೇಲೆ ಎಲ್ಲ ಸೇರಿ 15 ಜಿಬಿ ಎಂದು ಗೆರೆ ಎಳೆದು, ಗೆರೆ ದಾಟಿದವರಿಂದ ಬಾಡಿಗೆ ಕೇಳಿತು: ನೂರು ಜಿಬಿಗೆ ತಿಂಗಳಿಗೆ 130 ರೂಪಾಯಿ. ಮಗಳ ನಾಮಕರಣದ ಫೋಟೊ ನೋಡಲು ಅಮೆರಿಕದವನಿಗೆ ಬಾಡಿಗೆ ಕಟ್ಟಬೇಕೇ ಎಂದು ಸ್ವಾಭಿಮಾನ ಕೆರಳುತ್ತದೆ. ಕೆರಳಿದ ಸ್ವಾಭಿಮಾನ ಸೀದಾ ಎಸ್.ಪಿ. ರಸ್ತೆಗೆ ಹೋಗುತ್ತದೆ. ಯಾವುದೋ ಆಫೀಸು ಕೈಬಿಟ್ಟ ಡೆಸ್ಕ್‌ಟಾಪ್, ಅದಕ್ಕೆರಡು ಹೊಸ ಹಾರ್ಡ್‌ಡಿಸ್ಕ್, ಇನ್ನಷ್ಟು ರ‍್ಯಾಮ್, ಕರೆಂಟ್ ಹೋದರೆ ಇರಲಿ ಎಂದು ಯುಪಿಎಸ್, ಎಂಟು ಪೋರ್ಟಿನ ಸ್ವಿಚ್. ತಿಂಗಳಿಗೆ 130 ರೂಪಾಯಿ ಉಳಿಸುವ ಈ ಸತ್ಯಾಗ್ರಹದ ಒಟ್ಟು ಖರ್ಚನ್ನು ಮನೆಯಾಕೆಗೆ ಕಂತು ಕಂತಿನಲ್ಲಿ ತಿಳಿಸಲಾಗುತ್ತದೆ.

ಇಷ್ಟಾದ ಮೇಲೆ ಲಿನಕ್ಸ್ ಹಾಕಿ, ಫೋಟೊ ತುಂಬಿ, ಮಲಗಬಹುದಲ್ಲ? ಹಾಗೆ ಮಾಡುವವನನ್ನು ಈ ಪಂಥದಲ್ಲಿ ಪಂಕ್ತಿಗೆ ಕೂರಿಸುವುದಿಲ್ಲ. ಇರುವ ಒಂದು ಯಂತ್ರವನ್ನು ಹತ್ತು ಯಂತ್ರವೆಂದು ನಂಬಿಸಬೇಕು. ನಂಬಿಸುವ ವಿದ್ಯೆ ಹಳೆಯದೇ. ಐಬಿಎಂ ತನ್ನ ಮೇನ್‌ಫ್ರೇಮುಗಳಿಗೆ ವಿಎಂ/370 ಎಂಬ ಇಂಥ ವ್ಯವಸ್ಥೆ ಕೊಟ್ಟದ್ದು 1972ರಲ್ಲಿ. ಆಗ ಯಂತ್ರ ಒಂದು, ಬೆಲೆ ವಿಪರೀತ, ಕಾದು ನಿಂತವರು ಬಹಳ ಮಂದಿ. ಆದ್ದರಿಂದ ಹಂಚಿದರು. ಈಗ ಯಂತ್ರ ಸೆಕೆಂಡ್‌ಹ್ಯಾಂಡು, ಬಳಸುವ ಪುಣ್ಯಾತ್ಮ ಒಬ್ಬನೇ. ಅವನು ತನಗೆ ತಾನೇ ಹಂಚಿಕೊಳ್ಳುತ್ತಾನೆ.

ಹಂಚುವುದರಲ್ಲಿ ಎರಡು ದಾರಿ. ವರ್ಚುವಲ್ ಮಷೀನ್ (ವಿಎಂ) ಅಂದರೆ ಅದೇ ಸೈಟಿನಲ್ಲಿ ಕಟ್ಟಿದ ಬೇರೆ ಮನೆ; ಅದಕ್ಕೆ ಅದರದೇ ಬೋರ್‌ವೆಲ್, ಅದರದೇ ಬಚ್ಚಲು. ಕಂಟೇನರ್ ಅಂದರೆ ವಠಾರದ ಕೋಣೆ. ಬೀಗ ಬೇರೆ ಬೇರೆ, ನಲ್ಲಿ ಎಲ್ಲರಿಗೂ ಒಂದೇ. ಆ ಸಾಮೂಹಿಕ ನಲ್ಲಿಯೇ ಲಿನಕ್ಸ್ ಕರ್ನಲ್. ವಠಾರದ ಕೋಣೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತಯಾರು, ಸಣ್ಣ ಸಂಸಾರಕ್ಕೆ ಕೆಲವು ಎಂಬಿ ಮೆಮೊರಿ ಸಾಕು. ಬೇರೆ ಮನೆಗಾದರೆ ಗೃಹಪ್ರವೇಶಕ್ಕೆ ಮೊದಲೇ ಒಂದೆರಡು ಜಿಬಿ ರ‍್ಯಾಮ್ ಎತ್ತಿಡಬೇಕು. ಆದರೆ ಅಲ್ಲಿ ವಿಂಡೋಸನ್ನೂ ಕೂರಿಸಬಹುದು, ಒಳಗೆ ಏನು ಒಡೆದರೂ ಪಕ್ಕದವರಿಗೆ ತಿಳಿಯುವುದಿಲ್ಲ. ವಠಾರದಲ್ಲಿ ನಲ್ಲಿ ಕೆಟ್ಟರೆ ಎಲ್ಲರ ಬಾಯಿಯೂ ಒಣಗುತ್ತದೆ. ಮೊದಲನೆಯದಕ್ಕೆ ಲಿನಕ್ಸ್ ಕರ್ನಲ್‌ನಲ್ಲೇ ಕೆವಿಎಂ ಎಂಬ ಸೌಕರ್ಯ ಬಂದದ್ದು 2007ರಲ್ಲಿ. ಎರಡನೆಯದನ್ನು ಡಾಕರ್ ಜನಪ್ರಿಯಗೊಳಿಸಿದ್ದು 2013ರ ನಂತರ. ಯಾವುದಕ್ಕೆ ಯಾವುದು ಎಂಬುದು ಐದು ನಿಮಿಷದ ಯೋಚನೆ. ಐದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಹೋಮ್‌ಲ್ಯಾಬಿನಲ್ಲಿ ಮರ್ಯಾದೆ ಇಲ್ಲ.

ಆದ್ದರಿಂದ ನಮ್ಮವರು ಎರಡನ್ನೂ ಒಂದರೊಳಗೊಂದು ತುರುಕುತ್ತಾರೆ. ಕೆಳಗೆ ವಿಎಂಗಳನ್ನು ನಡೆಸಲು ವಿಯೆನ್ನಾದ ಕಂಪನಿಯೊಂದರ ಪ್ರಾಕ್ಸ್‌ಮಾಕ್ಸ್. (ಲಾಗಿನ್ ಆದಾಗಲೆಲ್ಲ ‘ನಿಮಗೆ ಚಂದಾ ಇಲ್ಲ’ ಎಂದು ಅದು ನೆನಪಿಸುತ್ತದೆ, ಆ ಕಿಟಕಿ ಬಾರದಂತೆ ಮಾಡುವುದೇ ಹೊಸಬರ ಮೊದಲ ಸಾಧನೆ.) ಅದರ ಮೇಲೆ ಡೆಬಿಯನ್ ಲಿನಕ್ಸ್ ಹಾಕಿದ ವಿಎಂ, ಅದರೊಳಗೆ ಡಾಕರ್, ಡಾಕರ್‌ನ ಕಂಟೇನರುಗಳನ್ನು ನೋಡಿಕೊಳ್ಳಲು ಪೋರ್ಟೇನರ್ ಎಂಬ ಇನ್ನೊಂದು ಕಂಟೇನರ್, ಎಲ್ಲರೂ ಉಸಿರಾಡುತ್ತಿದ್ದಾರೆಯೇ ಎಂದು ನೋಡಲು ಅಪ್‌ಟೈಮ್ ಕುಮಾ, ಉಸಿರಾಟದ ಗ್ರಾಫ್ ಬರೆಯಲು ಗ್ರಫಾನಾ. ಮೇಲ್ವಿಚಾರಕರ ಮೇಲೆ ಮೇಲ್ವಿಚಾರಕರು ಕೂತಿದ್ದಾರೆ. ಇಷ್ಟೂ ಸಿಬ್ಬಂದಿ ಕಾವಲಿರುವುದು ನಾಮಕರಣದ ಆ ಆಲ್ಬಮ್ಮಿಗೆ. ಅದನ್ನು ಇನ್ನೂ ಅಪ್‌ಲೋಡ್ ಮಾಡಿಲ್ಲ.

ಇಷ್ಟಕ್ಕೂ ಸಮಾಧಾನವಾಗದವರು ಮೂರು ಹಳೇ ಲ್ಯಾಪ್‌ಟಾಪ್ ಜೋಡಿಸಿ ಕಂಟೇನರುಗಳನ್ನು ಹಲವು ಯಂತ್ರಗಳಿಗೆ ಹಂಚುವ ಕುಬರ್ನೆಟೀಸ್ ಹೂಡುತ್ತಾರೆ. 2014ರಲ್ಲಿ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟದ್ದು ಗೂಗಲ್. ಗೂಗಲ್ ಸಹವಾಸ ಸಾಕೆಂದು ಹೊರಟ ಯಾತ್ರೆ ಹೀಗೆ ಗೂಗಲ್ಲಿನ ಹಿತ್ತಲಲ್ಲೇ ಬಿಡಾರ ಹೂಡುತ್ತದೆ.

ಇನ್ನು ಪೈ-ಹೋಲ್. ಜಾಹೀರಾತಿನ ವಿಳಾಸ ಕೇಳಿದರೆ ಹೇಳದೆ ಸುಮ್ಮನಿರುವ ಡಿಎನ್‌ಎಸ್ ಸರ್ವರ್ ಇದು. ಮನೆಯ ಪ್ರತಿ ಮೊಬೈಲು, ಟಿವಿ ಅದನ್ನೇ ವಿಳಾಸ ಕೇಳುವಂತೆ ರೂಟರ್‌ನಲ್ಲಿ ಬರೆದಿಟ್ಟಿರುತ್ತಾರೆ. ಅದು ಮಲಗಿದರೆ ಜಾಹೀರಾತಷ್ಟೇ ಅಲ್ಲ, ಜಗತ್ತೇ ಬಾರದು. ಭಾನುವಾರ ಸಂಜೆ ‘ಸುಮ್ಮನೆ ಒಂದು ಅಪ್‌ಡೇಟ್’ ಎಂದು ರೀಬೂಟ್ ಮಾಡುತ್ತಾರೆ. ಎಲ್ಲ ಎದ್ದರೂ ಪೈ-ಹೋಲ್ ಇರುವ ಕಂಟೇನರ್ ಏಳುವುದಿಲ್ಲ, ತಾನೇ ಏಳು ಎಂದು ಅದಕ್ಕೆ ಯಾರೂ ಬರೆದಿಲ್ಲ.

‘ರೀ, ನೆಟ್ ಹೋಗಿದೆ.’

‘ನೆಟ್ ಇದೆ ಕಣೇ. ಡಿಎನ್‌ಎಸ್ ಇಲ್ಲ ಅಷ್ಟೇ.’

‘ಅಳಿಯಂದ್ರೇ, ಧಾರಾವಾಹಿ ಬರ್ತಾ ಇಲ್ಲ.’

ಅತ್ತೆಗೆ ಡಿಎನ್‌ಎಸ್ ಅಂದರೇನೆಂದು ವಿವರಿಸಲು ಹೊರಟ ಅಳಿಯಂದಿರ ಸ್ಥಿತಿ ಶತ್ರುವಿಗೂ ಬೇಡ. ಪಕ್ಕದ ಫ್ಲ್ಯಾಟಿನವರ ವೈಫೈ ಪಾಸ್‌ವರ್ಡ್ ಅತ್ತೆಯವರ ಬಳಿ ಮೊದಲಿನಿಂದಲೂ ಇದೆ ಎಂಬುದು ಅಳಿಯನಿಗೆ ತಿಳಿಯುವುದೂ ಅಂಥ ಸಂಜೆಯೇ.

ಆದರೆ ನಿಜವಾದ ಅನಾಹುತ ಸದ್ದು ಮಾಡುವುದಿಲ್ಲ. ಕಂಟೇನರ್ ಎಂಬುದು ಬೇಕಾದಾಗ ಬಿಸಾಡಿ ಹೊಸದು ಎಬ್ಬಿಸಲೆಂದೇ ಮಾಡಿದ ವಸ್ತು. ಉಳಿಯಬೇಕಾದ ದತ್ತಾಂಶವನ್ನು ‘ವಾಲ್ಯೂಮ್’ ಎಂದು ಹೊರಗೆ ಕಟ್ಟಿಡಬೇಕು. ಕಂಟೇನರ್ ಹೇಗೆ ನಡೆಯಬೇಕೆಂದು ಬರೆದಿಡುವ ಕಾಂಪೋಸ್ ಕಡತದಲ್ಲಿ ಅದು ಒಂದೇ ಒಂದು ಸಾಲು. ಕಡತವನ್ನು ಎಲ್ಲಿಂದಲೋ ಎತ್ತಿ ಅಂಟಿಸಿಕೊಂಡವರಿಗೆ ಎಡಗಡೆಯದು ತಮ್ಮ ಡಿಸ್ಕಿನ ಜಾಗ, ಬಲಗಡೆಯದು ಕಂಟೇನರಿನೊಳಗಿನ ಜಾಗ ಎಂಬುದು ಗೊತ್ತಿರುವುದಿಲ್ಲ. ಬಲಗಡೆ ಒಂದಕ್ಷರ ತಪ್ಪಿದರೂ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ, ಕಂಟೇನರ್ ಅಳಿಸಿ ಹೊಸದು ಎಬ್ಬಿಸುವ ದಿನದವರೆಗೆ. ಅವತ್ತು ಆಲ್ಬಮ್ ಹೊಚ್ಚಹೊಸದಾಗಿ ತೆರೆದುಕೊಂಡು ‘ಸ್ವಾಗತ, ಖಾತೆ ತೆರೆಯಿರಿ’ ಎನ್ನುತ್ತದೆ. ಆವೃತ್ತಿಯ ಜಾಗದಲ್ಲಿ ‘ಲೇಟೆಸ್ಟ್’ ಎಂದು ಬರೆಯುವವರದು ಇನ್ನೊಂದು ಕತೆ. ಅಪ್‌ಡೇಟ್ ತಾನಾಗಿಯೇ ಆಗಲಿ ಎಂದು ಬಿಟ್ಟಿರುತ್ತಾರೆ. ರಾತ್ರೋರಾತ್ರಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮುಂದಿನ ದೊಡ್ಡ ಆವೃತ್ತಿ ಇಳಿದು, ಹಳೆಯದು ಬರೆದ ಕಡತ ನನಗೆ ಓದಲು ಬಾರದು ಎಂದು ಕೈಚೆಲ್ಲಿ ಕೂರುತ್ತದೆ. ಕಡತ ಎದುರಿಗೇ ಇದ್ದು ಓದಲಾಗದ ಈ ಅವಸ್ಥೆಯನ್ನು, ಹಳೇ ಫಾಂಟಿನ ಕಡತ ತೆರೆದು ನೋಡಿದ ಕನ್ನಡಿಗರಿಗೆ ಪ್ರತ್ಯೇಕವಾಗಿ ವಿವರಿಸಬೇಕಿಲ್ಲ.

‘ನನ್ನ ಹತ್ತಿರ ಸ್ನ್ಯಾಪ್‌ಶಾಟ್ ಇದೆ’ ಎನ್ನುವವರಿಗೆ ಒಂದು ಪ್ರಶ್ನೆ: ಅದು ಎಲ್ಲಿದೆ? ಅದೇ ಡಿಸ್ಕಿನಲ್ಲಿ.

ಕರೆಂಟಿನ ಲೆಕ್ಕ ಕೊಂಚ ನಿಧಾನವಾಗಿ ಮಾಡೋಣ, ಏಕೆಂದರೆ ಇದನ್ನು ಯಾವ ಗ್ರಫಾನಾವೂ ತೋರಿಸುವುದಿಲ್ಲ. ಗೃಹಜ್ಯೋತಿಯ ನಿಯಮ ಗೊತ್ತೇ ಇದೆ: 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇ 10 ಹೆಚ್ಚು, ಅಷ್ಟರವರೆಗೆ ಪುಕ್ಕಟೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಸರಾಸರಿ 120 ಯೂನಿಟ್ ಸುಡುತ್ತಿದ್ದ ಮನೆಗೆ 132 ಯೂನಿಟ್ ಪುಕ್ಕಟೆ ಎಂದಾಯಿತು. ಅಲ್ಲಿಗೆ ನಮ್ಮ ಹೀರೊ ಡೇಟಾ ಸೆಂಟರ್ ಹರಾಜಿನಲ್ಲಿ ಬಂದ, ಜೆಟ್ ವಿಮಾನದ ಸದ್ದಿನ ರ‍್ಯಾಕ್ ಸರ್ವರ್ ತರುತ್ತಾನೆ. ಸುಮ್ಮನೆ ಕೂತಾಗಲೂ ಅದು 150 ವ್ಯಾಟ್ ಎಳೆಯಿತು ಎನ್ನಿ. ತಿಂಗಳಿಗೆ 108 ಯೂನಿಟ್. ಒಟ್ಟು 228. ಸರ್ಕಾರದ ಗ್ಯಾರಂಟಿ ಅಲ್ಲಿಗೆ ಸಮಾಪ್ತಿ. ಬದಲಿಗೆ 15 ವ್ಯಾಟಿನ ಮಿನಿ ಪಿಸಿ ಇಟ್ಟಿದ್ದರೆ 11 ಯೂನಿಟ್ಟೂ ಪೂರ್ತಿ ಆಗುವುದಿಲ್ಲ, ಒಟ್ಟು 131ರೊಳಗೆ ನಿಲ್ಲುತ್ತದೆ. ಆ ಹತ್ತು ಪರ್ಸೆಂಟನ್ನು ವಿಧಾನಸೌಧದಲ್ಲಿ ಕೂತ ಯಾರೋ ಹೋಮ್‌ಲ್ಯಾಬಿಗನೇ ಬರೆಸಿರಬೇಕು ಎಂದು ನನ್ನ ಗುಮಾನಿ.

‘ನನ್ನದೇ ಸರ್ವರ್, ನಾನೇ ರಾಜ’ ಎಂಬ ಸ್ವಾತಂತ್ರ್ಯದ ಮಾತಿಗೂ ಒಂದು ಟಿಪ್ಪಣಿ ಬೇಕು. ವಿಎಂವೇರ್‌ನ ಪುಕ್ಕಟೆ ಇಎಸ್‌ಎಕ್ಸ್‌ಐ ಎಂಬ ವಿಎಂ ತಂತ್ರಾಂಶದ ಮೇಲೆ ಅನೇಕರು ಮನೆ ಕಟ್ಟಿದ್ದರು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಆ ಕಂಪನಿಯನ್ನು ಕೊಂಡಿತು, 2024ರ ಫೆಬ್ರುವರಿಯಲ್ಲಿ ಪುಕ್ಕಟೆ ಆವೃತ್ತಿ ನಿಂತಿತು. ರಾಜರೆಲ್ಲ ಗಂಟುಮೂಟೆ ಕಟ್ಟಿ ಪ್ರಾಕ್ಸ್‌ಮಾಕ್ಸ್ ಕಡೆ ನಡೆದರು. 2025ರಲ್ಲಿ ಇಎಸ್‌ಎಕ್ಸ್‌ಐ ಪುಕ್ಕಟೆಯಾಗಿಯೇ ಮರಳಿತು. ಅಷ್ಟರಲ್ಲಿ ರಾಜರು ಹೊಸ ಊರಿನಲ್ಲಿ ಕೋಟೆ ಕಟ್ಟಿ ಮುಗಿಸಿದ್ದರು.

ಇಷ್ಟೆಲ್ಲ ಅಂದಮೇಲೂ ಬೇಡವೆನ್ನಲು ನನಗೆ ಮನಸ್ಸಿಲ್ಲ. ಇಸ್ಪೀಟಿಗಿಂತ, ಷೇರು ಫ್ಯೂಚರ್ಸ್‌ಗಿಂತ ಇದು ಲೇಸು; ನಾಲ್ಕಕ್ಷರ ವಿದ್ಯೆಯಾದರೂ ಬರುತ್ತದೆ. ಶುರು ಮಾಡುವವರು ಒಂದು ಮಿನಿ ಪಿಸಿ ತನ್ನಿ. ಬಯೋಸ್‌ನಲ್ಲಿ ವರ್ಚುವಲೈಸೇಶನ್ ಚಾಲೂ ಇದೆಯೇ ನೋಡಿ; ಹಳೇ ಯಂತ್ರಗಳಲ್ಲಿ ಎಷ್ಟೋ ಸಲ ಆಫ್ ಆಗಿರುತ್ತದೆ, ಜನ ಅದು ತಿಳಿಯದೆ ರ‍್ಯಾಮ್ ಬದಲಿಸುತ್ತಾರೆ. ಫೋಟೊ, ಸಿನಿಮಾ, ಕಡತಕ್ಕೆಲ್ಲ ಡೆಬಿಯನ್ ಮತ್ತು ಡಾಕರ್ ಧಾರಾಳ. ವಿಂಡೋಸ್ ಬೇಕಾದರೆ, ಹೋಮ್ ಅಸಿಸ್ಟೆಂಟಿನಂತೆ ತನ್ನದೇ ಆಪರೇಟಿಂಗ್ ಸಿಸ್ಟಂ ಹೊತ್ತು ಬರುವುದು ಬೇಕಾದರೆ, ಅಥವಾ ಒಡೆದು ಬಿಸಾಡಿ ಕಲಿಯಬೇಕೆಂದರೆ ಮಾತ್ರ ವಿಎಂ. ಮನೆಯ ಡಿಎನ್‌ಎಸ್ ಮೇಲೆ ಪ್ರಯೋಗ ಬೇಡ. ಫೋಟೊದ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಮನೆಯಲ್ಲಿ ಇರಲಿ, ಊರಲ್ಲಿ ಅಣ್ಣನ ಮನೆಯಾದರೂ ಸರಿ. ಎರಡರಿಂದಲೂ ಒಂದು ಫೋಟೊ ವಾಪಸ್ ತೆಗೆದು ನೋಡಿ.

ಕೊನೆಯದಾಗಿ, ಒಂದು ಹಾಳೆ ತೆಗೆದುಕೊಳ್ಳಿ. ಸರ್ವರ್ ಹೇಗೆ ಆರಿಸುವುದು, ಹೇಗೆ ಹಚ್ಚುವುದು, ಪಾಸ್‌ವರ್ಡ್ ಏನು, ಫೋಟೊ ಯಾವ ಡಿಸ್ಕಿನಲ್ಲಿದೆ, ಇಷ್ಟನ್ನು ಕನ್ನಡದಲ್ಲಿ, ಪೆನ್ನಿನಲ್ಲಿ ಬರೆದು ಎಲ್‌ಐಸಿ ಬಾಂಡ್ ಇಟ್ಟಿರುವ ಕವರಿನಲ್ಲೇ ಇಡಿ. ನೀವು ಆಸ್ಪತ್ರೆಯಲ್ಲಿದ್ದರೂ ಮನೆಯವರು ಓದಿ ಮಾಡುವಂತಿರಬೇಕು. ಎಲ್ಲಿಟ್ಟಿದ್ದೀರಿ ಎಂದು ಅವರಿಗೆ ಇವತ್ತೇ ಹೇಳಿ.