ಹಿಂದಿನ ಸೀಟಿನಿಂದ ಕೊಂಡ ಬೈಕು

ಬೈಕು ಕೊಳ್ಳಲು ಹೊರಟಾಗ ನನ್ನ ಬಳಿ 15,000 ರೂಪಾಯಿ ಇತ್ತು, ಜೊತೆಗೊಬ್ಬ ಮೆಕ್ಯಾನಿಕ್ ಇದ್ದ, ಊರಿನವರೆಲ್ಲ ಕೊಟ್ಟ ಸಲಹೆಯಿತ್ತು. ಇಲ್ಲದ್ದು ಒಂದೇ. ನನಗೆ ಬೈಕು ಓಡಿಸಲು ಬರುತ್ತಿರಲಿಲ್ಲ.

ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಇಪ್ಪತ್ತೇಳರ ಗಂಡಸು, ಗೇರು ಯಾವ ಕಾಲಿಗೆ ಬರುತ್ತದೆಂದು ಗೊತ್ತಿಲ್ಲ ಅಂದರೆ ನಗೆಪಾಟಲು. ಬೇರೆ ಊರಾದರೆ ಹೇಗೋ ನಡೆದೀತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಬೈಕು ಹೆತ್ತ ಊರು ಇದು. ನಮ್ಮ ಬೀದಿಯಲ್ಲೇ ಅಲ್ಲಿ ಕೆಲಸ ಮಾಡಿದವರು, ಅವರ ಭಾವಮೈದುನರು, ಅವರಿಂದ ಅಗ್ಗಕ್ಕೆ ಗಾಡಿ ಕೊಡಿಸುತ್ತೇನೆಂದು ಮುಂಗಡ ತಿಂದವರು ಎಲ್ಲರೂ ಇದ್ದರು. ಅಂಥ ಬೀದಿಯಲ್ಲಿ ನಾನು ಸೈಕಲ್ಲು ತುಳಿದುಕೊಂಡೇ ದೊಡ್ಡವನಾಗಿದ್ದೆ. 1999ರಲ್ಲಿ ನಂಜನಗೂಡಿನ ಕಚೇರಿಗೆ ವರ್ಗವಾಗದಿದ್ದರೆ ಹಾಗೇ ಮುದುಕನೂ ಆಗುತ್ತಿದ್ದೆ. ಬೆಳಗಿನ ಬಸ್ಸಿನಲ್ಲಿ ನನಗೆ ಒಂದು ಕಾಲಿಗಷ್ಟೇ ಜಾಗ. ಇನ್ನೊಂದು ಕಾಲನ್ನು ಕಡಕೊಳ ದಾಟಿದ ಮೇಲೆ ಯಾರಾದರೂ ಇಳಿದರೆ ಕೆಳಗಿಡುತ್ತಿದ್ದೆ.

ಸಲಹೆಗೆ ಬಡತನವಿರಲಿಲ್ಲ. ಚಿಕ್ಕಪ್ಪ ಕಾರ್ಖಾನೆಯ ಪೇಂಟ್ ವಿಭಾಗದಲ್ಲಿದ್ದವರು. ಅದು ಮುಚ್ಚಿದ ಮೇಲೂ ಜಗಲಿಯಲ್ಲಿ ಕೂತು ಡ್ಯೂಟಿ ಮಾಡುತ್ತಿದ್ದರು. “ಯೆಜ್ಡಿ ತಗೋ. ಬೇರೆಯವರ ಗಾಡೀಲಿ ಒದೆಯೋಕೆ ಒಂದು ಲಿವರು, ಗೇರಿಗೆ ಇನ್ನೊಂದು. ನಮ್ಮದರಲ್ಲಿ ಒದ್ದಿದ್ದನ್ನೇ ಮುಂದಕ್ಕೆ ಮಡಚಿದರೆ ಗೇರು. ಹೆಂಗೆ?” ಅಂದರು, ತಾವೇ ಕಂಡುಹಿಡಿದವರ ಹಾಗೆ.

“ಮೈಲೇಜು ಎಷ್ಟು ಬರುತ್ತೆ ಚಿಕ್ಕಪ್ಪ?”

“ಪೆಟ್ರೋಲ್ ಲೆಕ್ಕ ಹಾಕೋನು ಬಸ್ಸಲ್ಲಿ ಹೋಗಬೇಕು ಕಣೋ.”

ಬಸ್ಸಿನಲ್ಲಿ ಹೋಗಿಯೇ ಈ ಗತಿ ಬಂದದ್ದು ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಕಚೇರಿಯ ಪಕ್ಕದ ಮೇಜಿನ ಹುಡುಗನದು ಆರ್‌ಎಕ್ಸ್ 100 ಪಂಗಡ. ಬರೀ 98 ಸಿಸಿ ಸಾರ್, ಆದರೆ ಆ ಸೌಂಡು, ಅಂದವನೇ ಬಾಯಲ್ಲೇ ಶಬ್ದ ಹೊರಡಿಸಿ, ಸಾಹೇಬರು ಕೋಣೆಯಿಂದ ಹೊರಬಂದು ಇಣುಕುವವರೆಗೂ ನಿಲ್ಲಿಸಲಿಲ್ಲ. ಆ ಗಾಡಿ ತಯಾರಾಗುವುದು 1996ರಲ್ಲೇ ನಿಂತಿತ್ತು. ನಾನು ನೋಡಲು ಹೋದ ಕಡೆಯೆಲ್ಲ ಮಾಲೀಕರು ಅದರ ಬಗ್ಗೆ ತೀರಿಕೊಂಡ ಹಿರಿಯರ ಬಗ್ಗೆ ಮಾತಾಡುವಷ್ಟು ಗೌರವದಿಂದ ಮಾತಾಡಿದರು, ಬೆಲೆಯನ್ನೂ ಅದೇ ಗೌರವದಿಂದ ಹೇಳಿದರು. ನಾನು ಕೈಮುಗಿದು ಬಂದೆ. ಅಮ್ಮನದು ಚಿಕ್ಕ ಬೇಡಿಕೆ: “ಜೋರಾಗಿ ಹೋಗದೇ ಇರೋಂಥದ್ದು ಸಿಗುತ್ತೇನೋ ನೋಡಪ್ಪ.” ಕಡೆಗೆ ನನ್ನ ಬಜೆಟ್ಟಿಗೆ ಹೊಂದಿದ್ದು ಅಮ್ಮನ ಸಲಹೆ ಮಾತ್ರ.

ಮೆಕ್ಯಾನಿಕ್ಕನ್ನು ಎಲ್ಲರೂ ಭಾಯ್ ಅನ್ನುತ್ತಿದ್ದರು. ಐವತ್ತು ದಾಟಿದ ಮನುಷ್ಯ. ಗ್ಯಾರೇಜು ಅಂದರೆ ಒಂದು ಹೊಂಗೆಮರ, ಒಂದು ಟೂಲ್ ಡಬ್ಬ. ಒಂದೊಂದು ಗಾಡಿ ನೋಡಲು 50 ರೂಪಾಯಿ, ಚಹಾ ಬೇರೆ. ಅವರ ಜೊತೆ ಒಂದೂವರೆ ತಿಂಗಳು ಭಾನುವಾರಗಳನ್ನು ಕಳೆದೆ. ಟ್ರಯಲ್ ನೋಡಿ ಸಾರ್ ಎಂದು ಮಾರುವವರು ಕೀಲಿ ಚಾಚಿದಾಗಲೆಲ್ಲ ನಾನು ದೊಡ್ಡ ಮನಸ್ಸು ಮಾಡಿದವನಂತೆ, “ಭಾಯ್ ಓಡಿಸಲಿ, ನಾನು ಹಿಂದೆ ಕೂತು ಗಮನಿಸುತ್ತೇನೆ” ಅನ್ನುತ್ತಿದ್ದೆ. ಹೀಗೆ ಹನ್ನೊಂದು ಬೈಕುಗಳನ್ನು ಹಿಂದಿನ ಸೀಟಿನಿಂದ ಪರೀಕ್ಷಿಸಿದೆ. ಹಿಂದೆ ಕೂತವನಿಗೆ ಎರಡೇ ಸಂಗತಿ ತಿಳಿಯುವುದು: ಶಾಕ್ ಅಬ್ಸಾರ್ಬರ್ ಬದುಕಿದೆಯೋ ಸತ್ತಿದೆಯೋ, ಮುಂದಿನವರು ಮಧ್ಯಾಹ್ನ ಏನು ತಿಂದಿದ್ದಾರೆ. ನಾನು ಎರಡರಲ್ಲೂ ಪಳಗಿದೆ.

ಮಿಕ್ಕದ್ದನ್ನೆಲ್ಲ ಭಾಯ್ ನೋಡುತ್ತಿದ್ದರು. ಯಾರ ಮನೆಗೆ ಹೋದರೂ ಅವರು ನಮಸ್ಕಾರಕ್ಕಿಂತ ಮುಂಚೆ ಇಂಜಿನ್ನಿನ ಮೇಲೆ ಅಂಗೈ ಇಡುವರು, ಜ್ವರ ನೋಡುವಂತೆ. ಬೆಚ್ಚಗಿದ್ದರೆ ಮುಗಿಯಿತು. “ನಮಗಿಂತ ಮುಂಚೆ ಯಾರೋ ಹತ್ತು ಸಲ ಒದ್ದಿದ್ದಾರೆ ಸಾರ್. ತಣ್ಣಗಿದ್ದಾಗ ಇದು ಏಳಲ್ಲ.” ಆಮೇಲೆ ನನ್ನ ಕರ್ಚೀಫು ಕೇಳುವರು. ಅದನ್ನು ಸೈಲೆನ್ಸರಿನ ಬಾಯಿಗೆ ಹಿಡಿದು, ಗಾಡಿ ಒದ್ದು, ಆಕ್ಸಿಲರೇಟರ್ ಕೊಟ್ಟು, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವರು. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಎಣ್ಣೆಯ ಕಲೆ ಬಿದ್ದು ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಒದ್ದಾಗ ಒಂದು ಸಲ ಬಂದು ನಿಂತರೆ ವಾಲ್ವಿನ ಸೀಲು, ನಿಲ್ಲದೆ ಬರುತ್ತಿದ್ದರೆ ಪಿಸ್ಟನ್ ರಿಂಗು. ಅಂದರೆ ಬೋರ್ ಮಾಡಿಸುವ ಖರ್ಚು. ಆ ಒಂದೂವರೆ ತಿಂಗಳಲ್ಲಿ ಮೈಸೂರಿನ ಗಾಡಿಗಳ ರಿಂಗುಗಳ ಸ್ಥಿತಿಗತಿ ನನ್ನ ಕರ್ಚೀಫುಗಳಲ್ಲಿ ದಾಖಲಾಯಿತು. ಅಮ್ಮ ಅವನ್ನು ಒಗೆಯುವುದನ್ನೇ ಬಿಟ್ಟರು.

ಮೀಟರನ್ನು ಭಾಯ್ ನೋಡುತ್ತಲೇ ಇರಲಿಲ್ಲ. ಒಬ್ಬರ ಗಾಡಿಯಲ್ಲಿ 18,000 ಕಿಲೋಮೀಟರ್ ಅಂತಿತ್ತು. ಇವರು ಬಗ್ಗಿ ಬ್ರೇಕ್ ಪೆಡಲನ್ನೂ ಕಿಕ್ಕರಿನ ರಬ್ಬರನ್ನೂ ನೋಡಿದರು. ರಬ್ಬರು ಸವೆದು ಕಬ್ಬಿಣ ಫಳಫಳ ಹೊಳೆಯುತ್ತಿತ್ತು. ಮುಂದಿನ ಚಕ್ರದ ಹತ್ತಿರ ಕೇಬಲ್ ಬಿಚ್ಚಿಟ್ಟರೆ ಮೀಟರು ನಿದ್ದೆಹೋಗುತ್ತದೆ, ಕಾಲು ಮಾತ್ರ ಎಚ್ಚರವಾಗಿರುತ್ತದೆ ಎಂದು ವಾಪಸು ಬರುವಾಗ ಹೇಳಿದರು. ಮಾರುವವರ ಮಾತಿಗೂ ಅವರದು ಇದೇ ಮರ್ಯಾದೆ. ನಾವು ನೋಡಿದ ಗಾಡಿಗಳಲ್ಲಿ ಮುಕ್ಕಾಲು ಪಾಲು ‘ಡಾಕ್ಟರ ಗಾಡಿ, ಆಸ್ಪತ್ರೆಗೂ ಮನೆಗೂ ಅಷ್ಟೇ.’ ಇಷ್ಟೊಂದು ಡಾಕ್ಟರುಗಳು ಇಷ್ಟು ಜೋಪಾನವಾಗಿ ಓಡಾಡುತ್ತಿದ್ದರೂ ಊರಲ್ಲಿ ಜ್ವರ ಯಾಕೆ ಕಡಿಮೆಯಾಗಿಲ್ಲ ಎಂದು ನನಗೆ ಹೊಳೆಯಲಿಲ್ಲ.

ನೀರಿನ ಪರೀಕ್ಷೆ ನನಗೆ ಅಚ್ಚುಮೆಚ್ಚು. ಭಾಯ್ ಆ ಮನೆಯವರಿಂದಲೇ ಒಂದು ಬಿಂದಿಗೆ ನೀರು ಕೇಳಿ ರಸ್ತೆಗೆ ಹೊಯ್ದು, ಅದರ ಮೇಲೆ ಬೈಕು ನೆಟ್ಟಗೆ ನಡೆಸುವರು. ಒಣನೆಲದ ಮೇಲೆ ಒಂದೇ ಒದ್ದೆಗೆರೆ ಬಿದ್ದರೆ ಚಾಸಿ ಸರಿ. ಎರಡು ಬಿದ್ದರೆ ಎಲ್ಲೋ ಗುದ್ದಿಕೊಂಡು ಎದ್ದುಬಂದ ಗಾಡಿ. ಕುವೆಂಪುನಗರದಲ್ಲಿ ಹೊಳಪು ಹೊಡೆಸಿದ ಒಂದು ಚೆಲುವಾದ ಕಪ್ಪು ಗಾಡಿಗೆ ನಾನು ಮನಸ್ಸಿನಲ್ಲೇ ನಿಂಬೆಹಣ್ಣು ಕಟ್ಟಿಬಿಟ್ಟಿದ್ದೆ. ಗೆರೆ ನೋಡಿದರೆ ಎರಡು, ರೈಲು ಹಳಿಯ ಹಾಗೆ. “ಇದು ಬಲಗಡೆ ಹೋಗೋಕೆ ಹೊರಟು ಎಡಗಡೆ ತಲುಪುತ್ತೆ ಸಾರ್” ಅಂದರು ಭಾಯ್. ನೀರು ಕೊಟ್ಟ ಹೆಂಗಸು ಮಾತ್ರ ಗೆರೆ ಕಂಡವರೇ ಗಂಡನ ಕಡೆ ತಿರುಗಿ, “ಅವತ್ತು ಏನೂ ಆಗ್ಲಿಲ್ಲ ಅಂದ್ರಿ?” ಅಂದರು. ನಾವು ಚಹಾಕ್ಕೆ ಕಾಯದೆ ಹೊರಟೆವು.

ಹನ್ನೆರಡನೆಯದು ಸರಸ್ವತಿಪುರಂನ ನಿವೃತ್ತ ಹೆಡ್‌ಮೇಷ್ಟ್ರದು. ಹೀರೋ ಹೋಂಡಾ ಸಿಡಿ 100, 1991ರ ಮಾಡೆಲ್. ಕಣ್ಣಿನ ಆಪರೇಷನ್ ಆದಮೇಲೆ ಮಗಳು ಕೀಲಿ ಬಚ್ಚಿಟ್ಟಿದ್ದರಿಂದ ಮಾರುತ್ತಿದ್ದರು. ಆ ಗಾಡಿ ಹೊಸದಾಗಿ ಬಂದ ಎಂಬತ್ತರ ದಶಕದಲ್ಲಿ, ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬರ್ಥದ ಜಾಹೀರಾತು ಎಲ್ಲರ ಬಾಯಲ್ಲಿತ್ತು. ಮೇಷ್ಟ್ರು ಮೊದಲ ಎರಡನ್ನು ಪಾಲಿಸಿದ್ದರು. ಮರೆಯುವುದು ಅವರ ಜಾಯಮಾನವಲ್ಲ. ಎಂಟು ವರ್ಷ ಹಾಕಿಸಿದ ಪ್ರತಿ ಲೀಟರನ್ನೂ ತಾರೀಖು, ಕಿಲೋಮೀಟರ್ ಸಮೇತ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಸರಾಸರಿ ಕಡಿಮೆ ಬಂದ ತಿಂಗಳುಗಳ ಕೆಳಗೆ ಕೆಂಪುಗೆರೆ.

ಭಾಯ್ ಅಂಗೈ ಇಟ್ಟರು: ತಣ್ಣಗಿತ್ತು. ಕರ್ಚೀಫು: ಒಣ ಮಸಿ. ಗೆರೆ: ಒಂದೇ. ಪೆಡಲಿನ ರಬ್ಬರು ಸವೆದಿತ್ತು, ಆದರೆ ಮೀಟರೂ ಅದನ್ನೇ ಹೇಳುತ್ತಿತ್ತು. ಹ್ಯಾಂಡಲ್ ತಿರುಗಿಸಿದಾಗ ಕೋನ್ ಸೆಟ್ ಸ್ವಲ್ಪ ಹಿಡಿಯುತ್ತಿತ್ತು. ಭಾಯ್ ಅದನ್ನು ಬಾಯಿಬಿಡುವ ಮೊದಲೇ ಮೇಷ್ಟ್ರು ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು, “ದೋಷಗಳು” ಎಂಬ ತಲೆಬರಹದಡಿ ಮೂರನೆಯ ಸಾಲನ್ನು ಬೆರಳಿಟ್ಟು ತೋರಿಸಿದರು. ಭಾಯ್‌ಗೆ ತಮ್ಮ ಕೆಲಸ ಹೋದಂತಾಯಿತು.

ಆಮೇಲೆ ಪರೀಕ್ಷೆ ಅದಲುಬದಲಾಯಿತು.

“ಎಲ್ಲಿ ಕೆಲಸ? ದಿನಕ್ಕೆಷ್ಟು ಓಡಿಸ್ತೀರಿ? ರಾತ್ರಿ ಎಲ್ಲಿ ನಿಲ್ಲಿಸ್ತೀರಿ? ನೆರಳಿದೆಯೇ?” ಎಲ್ಲಕ್ಕೂ ಉತ್ತರ ಕೊಟ್ಟೆ. “ಎಲ್ಲಿ, ಒಂದು ಸುತ್ತು ಓಡಿಸಿ ತೋರಿಸಿ.”

ಭಾಯ್ ಓಡಿಸಲಿ, ನಾನು ಹಿಂದೆ ಎಂದು ಶುರುಮಾಡಿದೆ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಮೂವತ್ತು ವರ್ಷ ಹೋಂವರ್ಕ್ ಮಾಡದವರನ್ನು ನೋಡಿದ ನೋಟ ಅದು. ನನಗೆ ಬರಲ್ಲ ಸಾರ್ ಎಂದುಬಿಟ್ಟೆ. ಭಾಯ್ ನನ್ನತ್ತ ತಿರುಗಿದ ರೀತಿ ಇನ್ನೂ ನೆನಪಿದೆ. ಹನ್ನೊಂದು ಬೈಕು, ಐನೂರೈವತ್ತು ರೂಪಾಯಿ, ಎಷ್ಟೋ ಲೋಟ ಚಹಾ ಎಲ್ಲವೂ ಅವರ ಕಣ್ಣಲ್ಲಿ ಒಟ್ಟಿಗೆ ಬಂದುಹೋದವು.

ಗಾಡಿ ಕೈತಪ್ಪಿತು ಅಂದುಕೊಂಡೆ. ಮೇಷ್ಟ್ರು ಮಾತ್ರ ಒಳ್ಳೆ ಸುದ್ದಿ ಕೇಳಿದವರ ಹಾಗೆ ಕುರ್ಚಿ ಮುಂದಕ್ಕೆಳೆದುಕೊಂಡರು. “ಬೆಲೆ 14,750. ಚೌಕಾಸಿ ಇಲ್ಲ. ಹೋದ ತಿಂಗಳು ಚೈನ್ ಸೆಟ್ ಹಾಕಿಸಿದ್ದೇನೆ, ರಸೀದಿ ಇದೆ. ಇನ್ನೊಂದು, ಓಡಿಸೋದು ನಾನೇ ಕಲಿಸ್ತೀನಿ. ಬೇರೆಯವರ ಹತ್ರ ಕಲಿತು ನನ್ನ ಗಾಡಿ ಕ್ಲಚ್ ಪ್ಲೇಟ್ ಸುಡಬೇಡಿ.”

ಉಳಿದ 250 ರೂಪಾಯಿಯಲ್ಲಿ ಮಿಕ್ಕದ್ದೆಲ್ಲ ಮುಗಿಯುತ್ತದೆಂದು ನಾನು ನಂಬಿದ್ದೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್, ಎಲ್‌ಎಲ್‌ಆರ್, ಟ್ರಾನ್ಸ್‌ಫರ್ ಶುಲ್ಕ, ಹೆಲ್ಮೆಟ್ಟು, ಆ ಕೋನ್ ಸೆಟ್ಟು ಎಲ್ಲ ಸೇರಿ ಅಮ್ಮನ ಸಾಸಿವೆ ಡಬ್ಬದವರೆಗೂ ಹೋದವು. ಪುಣ್ಯಕ್ಕೆ ಕಾಗದ ಪತ್ರ ಚೊಕ್ಕವಾಗಿತ್ತು, ಆರ್‌ಸಿ ಬುಕ್ಕಿನಲ್ಲಿ ಬ್ಯಾಂಕಿನ ಸಾಲದ ಗುರುತಿರಲಿಲ್ಲ. ಇದ್ದಿದ್ದರೆ ಸಾಲ ತೀರಿದ್ದಕ್ಕೆ 35ನೇ ನಮೂನೆ ಬೇರೆ ಬೇಕಾಗುತ್ತಿತ್ತು. ಮೇಷ್ಟ್ರು 29ನೇ ನಮೂನೆಯ ಎರಡು ಪ್ರತಿಗೂ 30ನೇ ನಮೂನೆಗೂ ಮಾರ್ಕ್ಸ್ ಕಾರ್ಡಿಗೆ ಹಾಕುವಂತೆ ಮುತ್ತಿನಂಥ ಸಹಿ ಹಾಕಿದರು. ನಾನು ಚಾಸಿ ನಂಬರಿನ ಮೇಲೆ ತೆಳುಹಾಳೆಯಿಟ್ಟು ಪೆನ್ಸಿಲ್ಲಿನಿಂದ ಉಜ್ಜಿದೆ, ಚಿಕ್ಕಂದಿನಲ್ಲಿ ನಾಲ್ಕಾಣೆ ನಾಣ್ಯದ ಅಚ್ಚು ತೆಗೆಯುತ್ತಿದ್ದ ಹಾಗೆ. ಆರ್‌ಟಿಒ ದಾಖಲೆಯಲ್ಲಿ ಗಾಡಿ ನನ್ನದಾಯಿತು. ಸರಸ್ವತಿಪುರಂನಲ್ಲಿ ಆಗಲಿಲ್ಲ.

ಬೆಳಗಿನ ಆರಕ್ಕೆ ವಸ್ತುಪ್ರದರ್ಶನ ಮೈದಾನದ ಕಡೆ ಪಾಠ. ಎಲ್ ಬೋರ್ಡು ಕಟ್ಟಿಕೊಂಡು ನಾನು ಮುಂದೆ, ಲೈಸೆನ್ಸು ಕಿಸೆಯಲ್ಲಿಟ್ಟುಕೊಂಡು ಮೇಷ್ಟ್ರು ಹಿಂದೆ. ಗೇರು ಎಡಗಾಲಿಗೆ, ನಾಲ್ಕೂ ಮುಂದಕ್ಕೆ ಒತ್ತಿದರೆ ಬೀಳುವಂಥವು. ಮೊದಲ ದಿನ ಒಂಬತ್ತು ಸಲ ಆಫ್ ಆಯಿತು. ಅವರು ಎಣಿಸಿದ್ದರು. ಕಲಿತ ಮೇಲೂ ಭಾನುವಾರಕ್ಕೊಮ್ಮೆ ವಾಕಿಂಗ್ ನೆಪದಲ್ಲಿ ನಮ್ಮನೆ ಮುಂದೆ ಬಂದು ಚೈನಿಗೆ ಬೆರಳಿಟ್ಟು, ಎಣ್ಣೆ ಅಂಟದಿದ್ದರೆ ಬೆರಳನ್ನು ನನಗೆ ತೋರಿಸದೆ ಅಮ್ಮನಿಗೆ ತೋರಿಸುತ್ತಿದ್ದರು. ಅಮ್ಮ ಅವರಿಗೆ ಕಾಫಿ ಕೊಟ್ಟು ನನ್ನನ್ನು ಬೈಯುತ್ತಿದ್ದರು. ಚಿಕ್ಕಪ್ಪ ಜಗಲಿಯಿಂದಲೇ, “ಯೆಜ್ಡಿ ತಗೊಂಡಿದ್ರೆ ಇವೆಲ್ಲ ಇರ್ತಿರಲಿಲ್ಲ” ಅನ್ನುತ್ತಿದ್ದರು.

ಆಷಾಢ ಶುಕ್ರವಾರದ ಜನ ಕರಗಿದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರೇ, ಚಾಮುಂಡಿ ಬೆಟ್ಟ ಹತ್ತಿಸಿ ನೋಡೋಣ ಅಂದರು. ಇಬ್ಬರ ಭಾರಕ್ಕೆ ಗಾಡಿ ಏದುಸಿರು ಬಿಡುತ್ತಾ ಏರುತ್ತಿತ್ತು. ಅರ್ಧ ದಾರಿಯ ತಿರುವಿನಲ್ಲಿ ಇದ್ದಕ್ಕಿದ್ದಂತೆ ಎರಡು ಸಲ ಕೆಮ್ಮಿತು. ಆಕ್ಸಿಲರೇಟರ್ ತಿರುಗಿಸಿದರೂ ಕೇಳಲಿಲ್ಲ. ಇಂಜಿನ್ನು ಹೋಯಿತು, ರಿಂಗು, ವಾಲ್ವು, 14,750 ಎಂದು ನನ್ನ ಎದೆ ಡವಗುಟ್ಟಿತು. ಬ್ರೇಕಿನ ಮೇಲೆ ಕಾಲಿಡಬೇಕು, ಅಷ್ಟರಲ್ಲಿ ಹಿಂದಿನಿಂದ ಒಂದು ಸುಕ್ಕುಗಟ್ಟಿದ ಕೈ ನನ್ನ ಎಡ ಮೊಣಕಾಲಿನ ಪಕ್ಕ ತೂರಿ ಬಂತು, ಟ್ಯಾಂಕಿನ ಕೆಳಗೆ ನೋಡದೆಯೇ ತಡಕಿ ಕಾಕನ್ನು ರಿಸರ್ವಿಗೆ ತಿರುಗಿಸಿತು. ಗಾಡಿ ಮತ್ತೆ ಉಸಿರು ಹಿಡಿದು ಎಳೆಯತೊಡಗಿತು.

“ಹೋದ ಮಂಗಳವಾರ ಎಷ್ಟು ಹಾಕಿಸಿದಿರಿ?” ಅಂದರು ಹಿಂದಿನಿಂದ.

“ನೆನಪಿಲ್ಲ ಸಾರ್.”

“ಬರೆದಿಟ್ಟಿಲ್ಲ. ಎರಡನೇ ಗೇರಿಗೆ ಇಳಿಸಿ, ಮುಂದೆ ತಿರುವಿದೆ.”