ಕಲೀರಿ ಸಾರ್

ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿ ಯಾವ ಗಾರ್ಮೆಂಟ್ಸಿನ ಗೇಟಿನ ಮುಂದೆ ನಿಂತರೂ ಇವರು ಸಿಗುತ್ತಾರೆ. ಹೆಸರು ಬೇರೆ ಬೇರೆ ಇರಬಹುದು, ಆಸಾಮಿ ಮಾತ್ರ ಒಬ್ಬನೇ. ಕುತ್ತಿಗೆಯಲ್ಲಿ ಐಡಿ ಕಾರ್ಡು, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ನಾಲಿಗೆಯ ತುದಿಯಲ್ಲಿ ‘ಕಲೀರಿ’. ಕಾರ್ಡಿನಲ್ಲಿ ಎಚ್‌ಆರ್ ಮ್ಯಾನೇಜರ್ ಎಂದಿದೆ. ಮಂಚೇನಹಳ್ಳಿ, ತೊಂಡೇಭಾವಿ, ನಗರಗೆರೆ ಕಡೆಯಿಂದ ಟೆಂಪೊ ಹತ್ತಿ ಬರುವ ಹೆಣ್ಣುಮಕ್ಕಳು ಇಟ್ಟಿರುವ ಹೆಸರು ‘ಕಲೀರಿ ಸಾರ್’.

ಸಾರ್ ಬರುವುದು ಯಲಹಂಕದಿಂದ, ಹಿಂದೂಪುರದ ಕಡೆ ಹೋಗುವ ರೈಲಿನಲ್ಲಿ. ಕಿಟಕಿ ಪಕ್ಕ ಸೀಟು ಸಿಕ್ಕ ಕೂಡಲೇ ನಾಯಕತ್ವದ ಮೇಲಿನ ದಪ್ಪ ಇಂಗ್ಲಿಷ್ ಪುಸ್ತಕವೊಂದನ್ನು ತೆರೆಯುತ್ತಾರೆ. ದೊಡ್ಡಬಳ್ಳಾಪುರ ದಾಟುವ ಹೊತ್ತಿಗೆ ಪುಸ್ತಕ ಎದೆಯ ಮೇಲಿರುತ್ತದೆ, ಮಾಕಳಿದುರ್ಗದ ಬೆಟ್ಟ ಕಾಣುವಾಗ ಗೊರಕೆ ಶುರುವಾಗಿರುತ್ತದೆ. ಓದಿದಲ್ಲಿಗೆ ಗುರುತಿಗೆಂದು ಇಟ್ಟ ರೈಲ್ವೆ ಪಾಸು ಎಷ್ಟೋ ಸಲ ಹೊಸದಾಗಿದೆ. ಪುಟ ಮಾತ್ರ ಹಳೆಯದೇ.

ಇಂಥವರು ಎಲ್ಲರನ್ನೂ ನಾಯಕರನ್ನಾಗಿ ಬೆಳೆಸಲು ಪಣ ತೊಟ್ಟಿದ್ದಾರೆ. ತಿಂಗಳಿಗೊಂದು ‘ಲೀಡರ್‌ಶಿಪ್ ಟ್ರೈನಿಂಗ್’. ಮಧ್ಯಾಹ್ನದ ಊಟ ಮುಗಿದು ಕಣ್ಣು ತಾನಾಗಿಯೇ ಮುಚ್ಚುವ ಹೊತ್ತಿಗೆ ಕ್ಯಾಂಟೀನಿನ ಗೋಡೆಗೆ ಪ್ರೊಜೆಕ್ಟರ್ ಬಿಡುತ್ತಾರೆ. ಸ್ಲೈಡ್ ಮಾಡಿಕೊಟ್ಟವನು ಸ್ಟೋರಿನ ಹುಡುಗ. ಮುಂದಿನ ಸ್ಲೈಡಿಗೆ ಹೋಗುವುದು ಹೇಗೆಂದು ತೋರಿಸುವವನೂ ಅವನೇ. ಆಮೇಲೆ ಆಟ: ಹಳೇ ಪೇಪರಿನಲ್ಲಿ ಗೋಪುರ ಕಟ್ಟಬೇಕು, ಎತ್ತರದ ಗೋಪುರ ಕಟ್ಟಿದ ತಂಡದಲ್ಲಿ ‘ಟೀಮ್ ಸ್ಪಿರಿಟ್’ ಇದೆ ಎಂದರ್ಥ. ಒಂದು ಶರ್ಟು ಹತ್ತಾರು ಕೈ ದಾಟಿ ಹೊರಬೀಳುವ ಲೈನಿನಲ್ಲಿ ದಿನವೆಲ್ಲ ಕೂರುವವರಿಗೆ ಒಟ್ಟಿಗೆ ಕೆಲಸ ಮಾಡುವುದು ಹೇಗೆಂದು ಪೇಪರಿನಿಂದ ತಿಳಿಸಿಕೊಡುತ್ತಾರೆ. ಆಟ ಆಡಿದ ಒಂದು ಗಂಟೆಯ ಟಾರ್ಗೆಟ್ ಕಡಿಮೆಯಾಗುವುದಿಲ್ಲ. ಆ ಪೀಸುಗಳನ್ನು ಸಂಜೆಯೊಳಗೆ ಮುಗಿಸುವ ಹೊಣೆ ಹೊಸದಾಗಿ ತಯಾರಾದ ಲೀಡರುಗಳದ್ದು.

ಸಾರ್‌ಗೆ ಒಂದು ಅಧ್ಯಯನ ಬಾಯಿಪಾಠ. ಅಮೆರಿಕದ ಗ್ಯಾಪ್ ಕಂಪನಿ 2007ರಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗಾಗಿ ‘ಪೇಸ್’ ಎಂಬ ತರಬೇತಿ ಶುರು ಮಾಡಿತು. ಮಾತುಗಾರಿಕೆ, ಸಮಯದ ಲೆಕ್ಕ, ಸಮಸ್ಯೆ ಬಿಡಿಸುವುದು, ಇಂಥವು ಅದರ ಪಾಠಗಳು. ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್‌ನ ಐದು ಘಟಕಗಳಲ್ಲಿ ಅದನ್ನು ಅರ್ಥಶಾಸ್ತ್ರಜ್ಞರು ಅಳೆದು ನೋಡಿದರು. ಕಲಿತವರ ಉತ್ಪಾದನೆ ಏರಿತು. ತರಬೇತಿ ಮುಗಿದ ಎಂಟೇ ತಿಂಗಳಲ್ಲಿ ಶಾಹಿಗೆ, ಹಾಕಿದ ಹಣದ ಎರಡೂವರೆ ಪಟ್ಟು ನಿವ್ವಳ ಲಾಭ ಬಂತು. ಇಷ್ಟನ್ನು ಸಾರ್ ಎರಡು ಕೈ ಮೇಲೆತ್ತಿ ಹೇಳುತ್ತಾರೆ. ಅದೇ ಅಧ್ಯಯನದಲ್ಲಿ, ಕಲಿತವರ ಸಂಬಳ ಏರಿದ್ದು ಸುಮಾರು ಶೇ. 0.5 ಎಂದೂ ಇದೆ. ಆ ಜಾಗ ಬಂದಾಗ ಸಾರ್‌ಗೆ ಕೆಮ್ಮು ಬರುತ್ತದೆ, ಸ್ಟೋರಿನ ಹುಡುಗ ಸ್ಲೈಡು ತಿರುಗಿಸುತ್ತಾನೆ.

ಭಾಷಣದ ಕೊನೆಗೆ ಎಚ್. ನರಸಿಂಹಯ್ಯನವರು ಬರಲೇಬೇಕು. ಎಚ್ಚೆನ್ ಹುಟ್ಟಿದ ಹೊಸೂರು ಇದೇ ತಾಲ್ಲೂಕು. “1935ರಲ್ಲಿ ಹೈಸ್ಕೂಲು ಓದೋಕೆ ಇಲ್ಲಿಂದ ಬೆಂಗಳೂರಿಗೆ ನಡ್ಕೊಂಡೇ ಹೋದ್ರು ಕಣಮ್ಮ! ಮುಂದೆ ಬೆಂಗಳೂರು ವಿಶ್ವವಿದ್ಯಾಲಯಕ್ಕೇ ಕುಲಪತಿ ಆದ್ರು! ಎಲ್ಲಾನೂ ಪ್ರಶ್ನೆ ಮಾಡಿ ಅಂತಿದ್ರು!”

ಒಮ್ಮೆ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

“ಸಾರ್, ನಾನೂ ಒಂದು ಪ್ರಶ್ನೆ ಕೇಳ್ಲಾ?”

“ಕೇಳಮ್ಮ, ಕೇಳು! ಇದೇ ಬೇಕಾಗಿದ್ದು ನನಗೆ!”

“ಲೀಡರ್ ಆದ್ಮೇಲೆ ಸಂಬಳ ಎಷ್ಟು ಕೊಡ್ತೀರ ಸಾರ್?”

“ಅದು ಈ ಸೆಷನ್ನಿಗೆ ಬರಲ್ಲಮ್ಮ.”

ಮರುವಾರ ಒಬ್ಬ ಹೆಲ್ಪರ್ ಹುಡುಗಿ, ಫೇಲಾದ ಪಿಯುಸಿ ಇಂಗ್ಲಿಷನ್ನು ಮತ್ತೆ ಬರೆಯುತ್ತೇನೆಂದು ರಜಾ ಚೀಟಿ ಹಿಡಿದು ಬಂದಳು. ಸಾರ್ ಕ್ಯಾಲೆಂಡರ್ ನೋಡಿದರು. “ಅವತ್ತು ಶಿಪ್‌ಮೆಂಟ್ ಅಲ್ವೇನಮ್ಮ? ಓದು ಎಲ್ಲಿಗೂ ಓಡಿ ಹೋಗಲ್ಲ.” ಹುಡುಗಿ ಗೋಡೆಯ ಕಡೆ ಒಮ್ಮೆ ನೋಡಿ ಹೊರಗೆ ಬಂದಳು. ಗೋಡೆಯಲ್ಲಿ ‘ಕಲಿಕೆಗೆ ಕೊನೆಯಿಲ್ಲ’ ಎಂಬ ಬೋರ್ಡು ತೂಗುತ್ತಿತ್ತು.

ಹಾಗಂತ ಕಾರ್ಖಾನೆಯಲ್ಲಿ ಯಾರೂ ಏನೂ ಕಲಿಯುತ್ತಿಲ್ಲ ಅಂತಲ್ಲ. ಕಾಲರ್ ಸೆಕ್ಷನ್ನಿಗೆ ಬನ್ನಿ. ಮೆಷಿನ್ನು ಕೆಟ್ಟಿದೆ, ಮೆಕ್ಯಾನಿಕ್ ಇನ್ನೂ ಬಂದಿಲ್ಲ. ಆ ಸಂದಿಯಲ್ಲಿ ಹಳೇ ಟೈಲರ್ ಅಕ್ಕ ಪಕ್ಕದ ಹುಡುಗಿಗೆ ವೇಸ್ಟ್ ತುಂಡೊಂದನ್ನು ಮಡಚಿ ತೋರಿಸುತ್ತಾಳೆ. “ಮೂಲೇಲಿ ಸೀದಾ ತಿರುಗಿಸಿಬಿಟ್ರೆ ತುದಿ ಮೊಂಡಾಗುತ್ತೆ ಕಣೆ. ತುದಿಗೆ ಒಂದೇ ಒಂದು ಹೊಲಿಗೆ ಅಡ್ಡ ಹಾಕು, ಆಮೇಲೆ ತಿರುಗಿಸು. ಒಳಗಿನ ಬಟ್ಟೆ ಕತ್ತರಿಸಿ ಮಗುಚು. ಚುಚ್ಚಬೇಡ, ತಳ್ಳು.” ಹುಡುಗಿ ಮಗುಚುತ್ತಾಳೆ. ಕಾಲರಿನ ಮೂಲೆ ಚೂಪಾಗಿ ಎದ್ದು ನಿಲ್ಲುತ್ತದೆ. ಇಬ್ಬರೂ ನಗುತ್ತಾರೆ.

ಅಷ್ಟರಲ್ಲಿ ರೌಂಡ್ಸಿಗೆ ಬಂದ ಸಾರ್: “ಏನಮ್ಮ ಅಲ್ಲಿ ಮಾತು? ಟ್ರೈನಿಂಗ್ ಕೊಟ್ರೂ ಶಿಸ್ತು ಬರಲ್ವಲ್ಲ ನಿಮಗೆ!” ತುಂಡು ಬಟ್ಟೆ ಮೆಷಿನ್ನಿನ ಕೆಳಗೆ ಹೋಗುತ್ತದೆ. ಆ ತಿಂಗಳ ತರಬೇತಿ ಗಂಟೆಗಳ ಲೆಕ್ಕದಲ್ಲಿ ಪೇಪರ್ ಗೋಪುರ ಇದೆ, ಈ ಕಾಲರ್ ಇಲ್ಲ.

ಸಾರ್ ಕೆಟ್ಟವರೇನಲ್ಲ. ಸರ್ಟಿಫಿಕೇಟ್ ಕೊಡುವ ದಿನ ಕೈಯಿಂದಲೇ ದುಡ್ಡು ಹಾಕಿ ಮೈಸೂರ್ ಪಾಕ್ ತರಿಸುತ್ತಾರೆ, ಒಬ್ಬೊಬ್ಬರ ಹೆಸರನ್ನೂ ತಪ್ಪಿಲ್ಲದೆ ಕರೆಯುತ್ತಾರೆ. ಅವರ ತಲೆಯ ಮೇಲೂ ಹೆಡ್ ಆಫೀಸಿನ ಒಬ್ಬ ಕಲೀರಿ ಸಾರ್ ಕೂತಿದ್ದಾರೆ. ಮಾರ್ಚ್ 31ರೊಳಗೆ ಇಷ್ಟು ತರಬೇತಿ ಗಂಟೆ ತೋರಿಸಬೇಕು ಎಂದು ಆತ ಕಳಿಸಿದ ಎಕ್ಸೆಲ್ ಶೀಟಿನಲ್ಲಿ, ಯಾರು ಏನು ಕಲಿತರು ಎಂದು ಬರೆಯಲು ಕಾಲಮ್ಮೇ ಇಲ್ಲ. ಟೈಲರಿಗೆ ಪೀಸಿನ ಟಾರ್ಗೆಟ್, ಸಾರ್‌ಗೆ ಗಂಟೆಯ ಟಾರ್ಗೆಟ್. ಕಲಿಯಿರಿ ಎನ್ನುವುದಕ್ಕೆ ಇಬ್ಬರು ಸಾರ್‌ಗಳಿಗೂ ಖರ್ಚಿಲ್ಲ. ಕಲಿತವಳಿಗೆ ಒಂದು ಕುರ್ಚಿ ಕೊಡಬೇಕಾಗಿ ಬಂದಾಗಲೇ ಬಜೆಟ್ ನೆನಪಾಗುವುದು.

ಕಾಲರ್ ಸೆಕ್ಷನ್ನಿನ ಅಕ್ಕ ಒಂದು ದಿನ ಕೆಲಸ ಬಿಟ್ಟಳು. ಹಿಂದೂಪುರದ ಕಡೆ ಒಂದು ಫ್ಯಾಕ್ಟರಿಯವರು ಸೂಪರ್‌ವೈಸರ್ ಮಾಡುತ್ತೇವೆ ಬಾ ಎಂದರಂತೆ. ಸುದ್ದಿ ಕೇಳಿದ ಸಾರ್ ಮೊದಲು ಹೆಮ್ಮೆಪಟ್ಟರು: “ನೋಡಿದ್ರಾ, ನಮ್ಮ ಟ್ರೈನಿಂಗ್‌ಗೆ ಎಷ್ಟು ಡಿಮ್ಯಾಂಡು!” ಆ ವಾರ ಕಾಲರ್ ಸೆಕ್ಷನ್ನಿನಿಂದ ಆಲ್ಟ್ರೇಷನ್ನಿಗೆ ವಾಪಸಾದ ಪೀಸುಗಳ ರಾಶಿ ಕಂಡ ಮೇಲೆ ಯೋಚನೆಗೆ ಬಿದ್ದರು. ಸೋಮವಾರ ನೋಟಿಸ್ ಬೋರ್ಡಿನಲ್ಲಿ ಪ್ರಕಟಣೆ ಬಂತು:

‘ಕಲಿತವರು ಕೆಲಸ ಬಿಡದಂತೆ ನೋಡಿಕೊಳ್ಳುವುದು ಹೇಗೆ? ಎಲ್ಲ ಸೂಪರ್‌ವೈಸರ್‌ಗಳಿಗೂ ಒಂದು ದಿನದ ತರಬೇತಿ. ಹಾಜರಿ ಕಡ್ಡಾಯ. ಅಂದಿನ ಟಾರ್ಗೆಟ್‌ನಲ್ಲಿ ಬದಲಾವಣೆ ಇಲ್ಲ.’